ಹೊಡೆಯದ ಗಂಟೆ

ಜೂನ್ 3

ಇವತ್ತೂ ಗಂಟೆಯ ಬದಲು ಸ್ಟೀಲ್ ಲೋಟಕ್ಕೆ ಚಮಚ ಬಡಿದು ಬಡಿದು ಕೈ ಸೋತಿತು. ಮೆಡಿಕಲ್ ಹುಡುಗರ ಇಂಗ್ಲಿಷ್ ಕಮ್ಯುನಿಕೇಶನ್ ಪರೀಕ್ಷೆಗೆ ಮೇಷ್ಟ್ರಾಗಿ ನಾನು ಕೊಡುವ ತಾಲೀಮು ಇದೇ. ನಟಿಯೊಬ್ಬಳು ರೋಗಿಯಾಗಿ ಕೂರುತ್ತಾಳೆ. ಕೆಟ್ಟ ಸುದ್ದಿ ಹೇಳಬೇಕು. ಗಂಟೆ ಹೊಡೆದರೆ ಅರ್ಧ ವಾಕ್ಯದಲ್ಲೇ ಎದ್ದು ಮುಂದಿನ ಮೇಜು. ಏಳದಿದ್ದರೆ ಸೊನ್ನೆ.

ನನ್ನ ವಿದ್ಯಾರ್ಥಿನಿಯೊಬ್ಬಳು, ಸಣಕಲಿ ಅಂತ ಎಲ್ಲರೂ ಕಡ್ಡಿ ಅನ್ನುವವಳು, ಹೋದ ಸಲ ಏಳಲಿಲ್ಲ. ಮಾತು ಮುಗಿದಿರಲಿಲ್ಲವಂತೆ. ಫೇಲು. ಮತ್ತೆ ಫೇಲಾದರೆ ಹುಡುಗಿಯ ಒಂದು ವರ್ಷ ಮಣ್ಣುಪಾಲು.

ಅಮ್ಮನ ಕುಹಕ: "ಬೀದೀಲಿ ಘೋಷಣೆ ಕೂಗಿ ಗಂಟಲು ಹರ್ಕೊಂಡೋನು, ಈಗ ಮೆತ್ತಗೆ ಮಾತಾಡೋದು ಕಲಿಸ್ತಾನಂತೆ!"

ಜೂನ್ 4

ಕಡ್ಡಿ ಎದ್ದಳು! ಟಣ್ ಅಂದದ್ದೇ ತಡ — "ಐ ಆಮ್ ಸೋ ಸಾ—" ಅಲ್ಲಿಗೇ ಕತ್ತರಿ. ಥ್ಯಾಂಕ್ಯೂ. ಮುಂದಿನ ಮೇಜು.

"ಸರೀನಾ ಸಾರ್?"

"ಬಂಗಾರ!" ಅಂದೆ. ನಾಲಿಗೆಗೆ ಯಾಕೋ ಕಹಿ.

ಜೂನ್ 12, ಸಂಜೆ

ಮನೆಗೆ ಬಂದದ್ದೇ ಪುಸ್ತಕ ತೆಗೆದೆ. ಬರೆಯಲೇಬೇಕು.

ವಾರ್ಡಿನಲ್ಲಿ ಗಾರೆ ಕೆಲಸದವನೊಬ್ಬ. ಬಲಗೈ ಕೊಳೆಯುತ್ತಿದೆ, ತೆಗೆಯಲೇಬೇಕು. ಸರ್ಜನ್ ಕಡ್ಡಿಗೆ, "ನೀನೇ ಹೇಳಮ್ಮ, ನಾನಿರ್ತೀನಿ" ಅಂದರು. ಹುಡುಗರು ರೋಗಿಗಳೊಡನೆ ಮಾತಾಡುವುದನ್ನು ನೋಡಲು ಹೋಗಿದ್ದ ನಾನು ಬಾಗಿಲಲ್ಲಿ.

"ಅಣ್ಣ, ಒಂದು ಕಷ್ಟದ ಸುದ್ದಿ. ನಿಮ್ಮ ಕೈ—"

ವಿಸಿಟರ್ಸ್ ಹೊರಡುವ ಗಂಟೆ ಹೊಡೆಯಿತು. ಕಡ್ಡಿ ಎದ್ದಳು. ಥ್ಯಾಂಕ್ಯೂ ಅಂದಳು. ಪಕ್ಕದ ಮಂಚಕ್ಕೆ ನಡೆದೇಬಿಟ್ಟಳು!

ಅಲ್ಲಿದ್ದ ತಾತ ಹೌಹಾರಿದ: "ನನ್ ಕೈ ನೆಟ್ಟಗಿದೆ ತಾಯಿ, ನಂದು ಬರೀ ಹರ್ನಿಯಾ!"

ಯಾರೂ ನಗಲಿಲ್ಲ. ಗಾರೆಯವನು ಕೇಳಿದ: "ನನ್ ಕೈ ಏನಾಯ್ತು? ಹೇಳ್ಬಿಟ್ಟಾದ್ರೂ ಹೋಗಿ."

ಆ ಚಮಚ ನನ್ನದು. ಆ ಲೋಟ ನನ್ನದು. ಮನುಷ್ಯರ ಮಾತಿನ ನಡುವೆಯೇ ಎದ್ದು ಹೋಗುವುದನ್ನು ಕಲಿಸಿ ಬಂಗಾರ ಅಂದವನು ನಾನು.

ಕಡ್ಡಿ ತಿರುಗಿದಳು. ಮುಖದಲ್ಲಿ ರಕ್ತವಿರಲಿಲ್ಲ. ಈ ಸಲ ಸ್ಟೂಲ್ ಬಿಟ್ಟು ಮಂಚದ ಅಂಚಿಗೇ ಕುಳಿತಳು. ಆ ಊದಿದ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

"ತಪ್ಪಾಯ್ತಣ್ಣ. ಎದ್ದು ಹೋಗ್ಬಾರ್ದಿತ್ತು. ಈ ಕೈ ಉಳಿಯಲ್ಲ. ತೆಗೀದಿದ್ರೆ ನೀವು ಉಳಿಯಲ್ಲ."

ಅವನು ಆ ಕೈಯನ್ನೇ ನೋಡಿದ. ಅವಳೂ. ಮತ್ತೆ ಗಂಟೆ. ಅಲುಗಲಿಲ್ಲ ಹುಡುಗಿ.

"ಎಡಗೈಲಿ ಕರಣೆ ಹಿಡಿದು ಗಾರೆ ಮೆತ್ತೋಕಾಗುತ್ತಾ?"

"ಗೊತ್ತಿಲ್ಲಣ್ಣ. ಕಲಿಯೋವಾಗ ಬಂದು ನೋಡ್ತೀನಿ."

ಅವನು ನಕ್ಕ. ಅಯ್ಯೋ, ನಕ್ಕ! ಆಮೇಲೆ ಅತ್ತ. ಕೈ ಎಳೆದುಕೊಳ್ಳಲಿಲ್ಲ.

ಹೋರಾಟದ ದಿನಗಳಲ್ಲಿ ಲಾಠಿ ಬಿದ್ದಾಗಲೂ ನಾನು ಹೀಗೆ ಕದಲಿದವನಲ್ಲ. ಅಷ್ಟು ಮೆರವಣಿಗೆ, ಅಷ್ಟು ಘೋಷಣೆ… ನಾಲ್ಕು ಸಣ್ಣ ಮಾತು ಇಷ್ಟು ಭಾರ ಹೊರುತ್ತವೆಯೇ?

ಜೂನ್ 29

ಪರೀಕ್ಷೆ. ಗಂಟೆ ನನ್ನ ಕೈಗೇ ಕೊಟ್ಟರು. ಹಿತ್ತಾಳೆಯದು.

ಹೊತ್ತು ಮುಗಿಯಿತು. ಕಡ್ಡಿಯ ಎದುರು ನಟಿ ಅಳುತ್ತಿದ್ದಳು. "ಟೇಕ್ ಯುವರ್ ಟೈಮ್" ಅಂದಳು ಕಡ್ಡಿ. ನಾನೇ ಕಲಿಸಿದ ಮಾತು. ಅದಕ್ಕೆ ಅರ್ಥವಿದೆ ಎಂದು ಇವತ್ತು ಕೇಳಿಸಿತು.

ಬಡಿದರೆ ಇವಳು ಏಳುವುದಿಲ್ಲ. ಏಳದಿದ್ದರೆ ಸೊನ್ನೆ.

ಪ್ರಿನ್ಸಿಪಾಲರು ಬಾಗಿಲಿಂದ: "ಹೊಡೀರಿ ಮೇಷ್ಟ್ರೇ! ನಿದ್ದೆ ಬಂತಾ?"

ಗಂಟೆಯ ನಾಲಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ.

ಯಾವ ಮೇಜಿನಿಂದಲೂ ಯಾರೂ ಏಳಲಿಲ್ಲ. ಇಡೀ ಹಾಲ್ ಕೇಳಿಸಿಕೊಳ್ಳುತ್ತಿತ್ತು! ನಟಿ ಕಣ್ಣೊರೆಸಿಕೊಂಡಳು. ಕಡ್ಡಿ ತಾನಾಗಿ ಎದ್ದಳು. ಆಗ ಬಡಿದೆ.

ಹೊಡೆಯದ ಗಂಟೆಗೆ ಏಳಲಿಲ್ಲವೆಂದು ಸೊನ್ನೆ ಹಾಕಲಾಗದು. ಕಡ್ಡಿ ಪಾಸು. ಗಂಟೆ ತಡೆದದ್ದಕ್ಕೆ ನನಗೆ ನಾಳೆ ಪ್ರಿನ್ಸಿಪಾಲರ ಎದುರು ವಿಚಾರಣೆ.

"ಏನಂತ ಹೇಳ್ತೀಯೋ? ಅಲ್ಲೂ ಕೂಗ್ಬೇಡ" ಅಂದಳು ಅಮ್ಮ.

ಕೂಗುವುದಿಲ್ಲ. ಮೊದಲು, ಕಡ್ಡಿ ಆ ಮಂಚದ ಅಂಚಿಗೆ ಹೋದ ಹಾಗೆ, ಕುರ್ಚಿ ಹತ್ತಿರ ಎಳೆದುಕೊಳ್ಳುತ್ತೇನೆ. ಕೂರುತ್ತೇನೆ. ಆಮೇಲೆ—