ಮೇಡಮ್ಮಿಗೆ ಹೇಳದೆ ಉಳಿಸಿಕೊಂಡದ್ದು

ಮಂಗಳವಾರ, ಊಟದ ಪಾತ್ರೆ ತೊಳೆದಾದ ಮೇಲೆ

ನನ್ನ ಗುಬ್ಬಿಗೆ, ನಿನ್ನ ಅಜ್ಜಿ ಗಟ್ಟಿಮುಟ್ಟಾಗಿ ಕೂತು ಬರೆಯುವುದು ಏನೆಂದರೆ,

ನನಗೆ ಏನೂ ಆಗಿಲ್ಲ. ಮೊದಲು ಇದನ್ನು ಓದಿಕೊಂಡು ಅಳು ನಿಲ್ಲಿಸು. ಜ್ವರವಿಲ್ಲ, ಬಿದ್ದಿಲ್ಲ, ಆಸ್ಪತ್ರೆಯ ಮುಖ ನೋಡಿಲ್ಲ. ಮೂರು ಹೊತ್ತೂ ತಿನ್ನುತ್ತಿದ್ದೇನೆ, ನಿಮ್ಮಮ್ಮನ ಅಡುಗೆಯಲ್ಲಿ ಎಷ್ಟು ತಿನ್ನಲು ಸಾಧ್ಯವೋ ಅಷ್ಟು. ಈ ಕಾಗದದ ಫೋಟೋ ತೆಗೆದು ನಿನಗೆ ಕಳಿಸುವವಳೂ ಅವಳೇ, ಆದ್ದರಿಂದ ನನ್ನ ಸೊಸೆಯ ಬಗ್ಗೆ ಇಷ್ಟಕ್ಕೇ ನಿಲ್ಲಿಸುತ್ತೇನೆ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ.

ಗಾಳಿ, ಕಡಲು, ಬಿಸಿಲು ಇವುಗಳ ಲೆಕ್ಕ ಕಲಿಯಲು ಹೋಗುತ್ತೇನೆ ಎಂದೆ ನೀನು. ಹೋಗು ಎಂದೆ ನಾನು. ಅಲ್ಲಿ ನನ್ನ ಜಾಗಕ್ಕೆ ಒಬ್ಬಳನ್ನು ತಂದು ಕೂರಿಸಿಕೊಳ್ಳುತ್ತೇನೆ ಎಂದು ನೀನು ಹೇಳಿರಲಿಲ್ಲ. ಈಗ ಬಾಯಿ ತೆರೆದರೆ ಮೇಡಂ. ಮೇಡಂ ತಮ್ಮ ಕೋಣೆಯ ಹೀಟರು ನನಗೆ ಕೊಟ್ಟರು, ಮೇಡಂ ನನ್ನ ಬರಹ ತಿದ್ದಿಕೊಟ್ಟರು, ಮೇಡಂ ಡಬ್ಬಿಯಲ್ಲಿ ಅರ್ಧ ನನಗೆ. ನೀನು ಕಳಿಸಿದ ಫೋಟೋದಲ್ಲಿ ನಿನ್ನ ಹೆಗಲ ಮೇಲೆ ಅವಳ ಕೈ. ನಿನ್ನ ಸಂಶೋಧನೆಗೆ ಗೈಡ್ ಅಂತೆ, ಅವರು ಎನ್ನಬೇಕಂತೆ. ನನ್ನ ಸೊಸೆಯ ವಯಸ್ಸಿನವಳು. ನಾನು ಅವಳು ಎಂದೇ ಅನ್ನುತ್ತೇನೆ.

ಅವಳು ಸಾಲದು ಅಂತ ಆ ಹಳದಿ ಕೊಳವೆ ಬೇರೆ. ಕಡಲಿಗೆ ಬಿಟ್ಟಿದ್ದೀರಂತೆ. ಆಳಕ್ಕೆ ಇಳಿದು, ನೀರು ಎಳೆದತ್ತ ಹೋಗಿ, ಹತ್ತು ದಿನಕ್ಕೊಮ್ಮೆ ಮೇಲೆ ಬಂದು, ಕೆಳಗೆ ನೀರು ಎಷ್ಟು ಬೆಚ್ಚಗಿದೆ, ಎಷ್ಟು ಉಪ್ಪಾಗಿದೆ ಎಂದು ಉಪಗ್ರಹದ ಮೂಲಕ ನಿಮಗೆ ಸುದ್ದಿ ಕೊಟ್ಟು ಮತ್ತೆ ಇಳಿಯುತ್ತದಂತೆ. ನಾನೂ ಜೀವಮಾನವೆಲ್ಲ ಬಿಸಿ ನೋಡಿ, ಉಪ್ಪು ನೋಡಿ ಬಡಿಸಿದವಳು. ನನ್ನ ಸುದ್ದಿಗೆ ಯಾರೂ ಕಂಪ್ಯೂಟರಿನ ಮುಂದೆ ಕಾದು ಕೂರಲಿಲ್ಲ. ಹೋದ ತಿಂಗಳು ಅದು ಬರಬೇಕಾದ ದಿನ ಬರಲಿಲ್ಲವೆಂದು ನೀನು ಊಟ ಬಿಟ್ಟೆ. ಬಂದಾಗ ಫೋನಿನಲ್ಲೇ ಕುಣಿದಾಡಿದೆ. ಅದೇ ಫೋನಿನಲ್ಲಿ ನಾನು ಮಂಡಿನೋವಿನ ಮಾತೆತ್ತಿದರೆ, ಅಜ್ಜಿ ಆಮೇಲೆ ಮಾಡ್ತೀನಿ ಎಂದೆ.

ಆ ಆಮೇಲೆ ಬರಲೇ ಇಲ್ಲ. ಹೊಟ್ಟೆ ಉರಿಯದೆ ತಣ್ಣಗಿರುತ್ತದೆಯೇ? ನಾನೂ ಒಂದಷ್ಟು ದಿನ ಮುಳುಗಿ ನೋಡೋಣ ಎಂದುಕೊಂಡೆ. ಗುಬ್ಬಿ ಫೋನ್ ಮಾಡಿದರೆ ಅಜ್ಜಿ ಸ್ನಾನಕ್ಕೆ ಹೋಗಿದ್ದಾರೆ ಅನ್ನು ಎಂದು ನಿಮ್ಮಮ್ಮನಿಗೆ ಹೇಳಿಕೊಟ್ಟೆ. ಒಮ್ಮೆಯಾದರೂ ಬೇರೆ ನೆಪ ಹೇಳಬಾರದೇ ಅವಳು. (ನಿಲ್ಲಿಸುತ್ತೇನೆ ಎಂದಿದ್ದೆ, ಆಗಲಿಲ್ಲ.) ಅಜ್ಜಿ ದಿನಕ್ಕೆ ಎಷ್ಟು ಸಲ ಸ್ನಾನ ಮಾಡ್ತಾಳೆ ಎಂದು ನೀನು ಕೇಳಿದೆಯಂತೆ. ಆ ದಿನ ನನಗೆ ಒಂದು ತುತ್ತು ಹೆಚ್ಚೇ ಇಳಿಯಿತು, ಸುಳ್ಳೇಕೆ ಹೇಳಲಿ. ಅಂತೂ ಕೊಳವೆಗೆ ಸರಿಸಮಳಾದೆ.

ಇದಕ್ಕೆ ನೀನು ಕಡಲ ನೀರು ಅಳೆಯಲು ಹೋಗಬೇಕಾದ ಹಡಗನ್ನೇ ಬಿಟ್ಟು ಕೂರುತ್ತೀಯ ಎಂದು ನನಗೇನು ಗೊತ್ತು.

ನಿನ್ನೆ ನಿನ್ನ ಮೇಡಂ ತಾನೇ ಫೋನ್ ಮಾಡಿದಳು. ದನಿ ಚೆನ್ನಾಗಿಯೇ ಇದೆ, ಅದೂ ನನಗೆ ಹಿಡಿಸಲಿಲ್ಲ. ಅಜ್ಜಿಗೆ ಏನೋ ಆಗಿದೆ, ಮನೆಯವರು ನನ್ನಿಂದ ಮುಚ್ಚಿಡುತ್ತಿದ್ದಾರೆ, ಹಡಗಿನಲ್ಲಿ ನನ್ನ ಜಾಗ ಬೇರೆಯವರಿಗೆ ಕೊಡಿ ಎಂದು ನೀನು ಹಟ ಹಿಡಿದಿದ್ದೀಯಂತೆ. ಈ ಹಡಗು ತಪ್ಪಿದರೆ ಇನ್ನೊಂದು ಎಂದೋ ಏನೋ. ಆ ನೀರನ್ನು ನೀನೇ ಎತ್ತಿ ಅಳೆಯದಿದ್ದರೆ ನಿನ್ನ ಇಷ್ಟು ದಿನದ ಓದು ಅರ್ಧಕ್ಕೇ ನಿಲ್ಲುತ್ತದಂತೆ. ಶುಕ್ರವಾರದವರೆಗೆ ನಿನ್ನ ಹೆಸರು ಹೊಡೆಯದೆ ಇಟ್ಟಿರುತ್ತಾಳಂತೆ. ನಿಮಗೆ ಏನಾಗಿತ್ತು ಎಂದು ಕೇಳಿದಳು. ಸ್ನಾನದಲ್ಲಿದ್ದೆ ಎಂದೆ. ನಕ್ಕುಬಿಟ್ಟಳು. ಹಾಳಾದ್ದು, ನನಗೂ ನಗು ಬಂತು.

ಅವಳೂ ಹಡಗಿನಲ್ಲಿ ಬರುತ್ತಾಳಂತೆ, ನಿಮಗಿಬ್ಬರಿಗೂ ಒಂದೇ ಕೋಣೆಯಂತೆ. ಬಸ್ಸಿನಲ್ಲೇ ವಾಂತಿ ಮಾಡಿಕೊಳ್ಳುವ ಹುಡುಗಿ, ಮನೆಯಲ್ಲಿ ಏನು ಮಾಡ್ತಿದ್ರಿ ಎಂದು ಕೇಳಿದಳು. ಹೊಟ್ಟೆ ಖಾಲಿ ಬಿಡಬಾರದು, ತುಂಬಲೂ ಬಾರದು, ದೂರದ್ದನ್ನೇ ನೋಡುತ್ತಿರಲು ಹೇಳಿ ಎಂದೆ. ಇಷ್ಟೇನಾ ಎಂದಳು. ಇಷ್ಟೇ ಎಂದೆ. ಇನ್ನೊಂದಿದೆ ಎಂದು ನಿನಗೂ ಗೊತ್ತು, ನನಗೂ ಗೊತ್ತು. ಹೀಟರು ಅವಳದು, ತಿದ್ದುವುದು ಅವಳದು, ಕೊಳವೆಯೂ ಅವಳದೇ. ಅದೊಂದು ನನ್ನದಾಗಿರಲಿ.

ಸುಮ್ಮನೆ ಹೋಗಿ ಹಡಗು ಹತ್ತು. ಅಲ್ಲಿ ಫೋನು ಸಿಗುವುದಿಲ್ಲವಂತೆ. ಇನ್ನು ಮುಳುಗುವ ಸರದಿ ನಿನ್ನದು. ಆ ಮುಳುಗುವ ಎಂಬುದನ್ನು ಹೊಡೆದುಹಾಕಿದ್ದೇನೆ, ಹಡಗಿಗೆ ಹೋಗುವವಳಿಗೆ ಬರೆಯುವ ಮಾತಲ್ಲ. ಸುಮ್ಮನಿರುವ ಸರದಿ ಎಂದು ಓದಿಕೋ. ನಿನ್ನ ಸುದ್ದಿ ಬರಲಿಲ್ಲವೆಂದು ನಾನೇನೂ ಊಟ ಬಿಡುವವಳಲ್ಲ, ಅದೂ ತಿಳಿದಿರಲಿ.

ಇಂತಿ,
ಸ್ನಾನ ಮುಗಿಸಿ ಹೊರಗೆ ಬಂದಿರುವ
ನಿನ್ನ ಅಜ್ಜಿ

ಮತ್ತೆ: ನಿಮ್ಮಮ್ಮ ಫೋಟೋ ತೆಗೆಯಲು ಬಂದಿದ್ದಳು, ತಡಿ ಎಂದು ಕೂರಿಸಿದ್ದೇನೆ. ಆ ಇನ್ನೊಂದನ್ನು ನಿನ್ನ ಕೈಯಿಂದ ನೀನೇ ಮಾಡಿಕೊಂಡರೆ ವಾಂತಿ ನಿಲ್ಲುವುದಿಲ್ಲ, ಚಿಕ್ಕಂದಿನಲ್ಲೇ ನೋಡಿದ್ದೇವೆ. ಆದ್ದರಿಂದ ಇದನ್ನು ನಿನ್ನ ಮೇಡಮ್ಮಿಗೆ ತೋರಿಸು. ಕುತ್ತಿಗೆಯ ಹಿಂದೆ, ಕೂದಲು ಶುರುವಾಗುವಲ್ಲಿ ಒಂದು ಗುಳಿಯಿದೆ. ಅಲ್ಲಿ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಬೇಕು, ನೀನು ನಿದ್ದೆ ಹೋಗುವವರೆಗೂ ತೆಗೆಯಬಾರದು. ಹಡಗು ಹತ್ತುವ ಮೊದಲು ಉಗುರು ಕತ್ತರಿಸಿಕೊಳ್ಳಲು ಹೇಳು. ಫೋಟೋದಲ್ಲಿ ಆ ಕೈಯನ್ನು ಚೆನ್ನಾಗಿಯೇ ನೋಡಿದ್ದೇನೆ.