ಏನೂ ನಡೆಯದ ಆ ಒಂದು ನಿಮಿಷ

ಮಾನ್ಯ ಯುವಜನ ಕಲ್ಯಾಣಾಧಿಕಾರಿಗಳೇ,

ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ, ಕಾಗುಣಿತವೂ ಅಷ್ಟಕ್ಕಷ್ಟೇ. ಪ್ರಾಥಮಿಕ ಶಾಲೆಯ ಆಚೆ ನಾನು ಓದಲಿಲ್ಲ. ಅಷ್ಟರ ಮಟ್ಟಿಗೆ ಕ್ಷಮೆ ಇರಲಿ. ಕ್ಷಮೆ ಕೇಳುವುದು ಇಲ್ಲಿಗೆ ಮುಗಿಯಿತು, ಇನ್ನು ಮುಂದಿನದು ದೂರು. ನಮ್ಮ ಕೈಗೆ ಕ್ಯಾಮೆರಾ ಕೊಟ್ಟು, ಸಾಕ್ಷ್ಯಚಿತ್ರ ಮಾಡಿ ಸಮಾಜ ಬದಲಾಯಿಸಿ ಎಂದು ಬೆನ್ನು ತಟ್ಟಿ ಕಳಿಸಿದ ನಿಮ್ಮ ಕಚೇರಿ ಈಗ ಹೊಸ ಆದೇಶ ಕಳಿಸಿದೆ. ನಾವು ತೆಗೆದದ್ದನ್ನೆಲ್ಲ, ಚಿತ್ರದಲ್ಲಿ ಬಳಸದೆ ಬಿಟ್ಟದ್ದನ್ನೂ ಸೇರಿಸಿ, ಮಾತನಾಡಿದವರ ಹೆಸರು, ವಿಳಾಸ, ಕೆಲಸದ ಸ್ಥಳದ ಸಮೇತ ಒಪ್ಪಿಸಬೇಕಂತೆ. ಕೊಡದಿದ್ದರೆ ಚಿತ್ರದ ಪ್ರದರ್ಶನ ಇಲ್ಲ, ನಮಗೆ ಪ್ರಮಾಣಪತ್ರವೂ ಇಲ್ಲ. ಯಾಕೆ ಬೇಕು ಎಂಬುದಕ್ಕೆ "ದಾಖಲೆಗಾಗಿ" ಎಂಬ ಒಂದೇ ಪದ. ಯಾರ ದಾಖಲೆ ಸ್ವಾಮಿ? ಅದನ್ನಿಡುವ ಕಪಾಟಿನ ಕೀಲಿ ಯಾರ ಜೇಬಿನಲ್ಲಿರುತ್ತದೆ?

ಮುಚ್ಚಿದ ಲಕೋಟೆಯಲ್ಲಿ ಬರೆದರೆ ಅದು ನಿಮ್ಮಲ್ಲಿ ಯಾವ ಮೇಜಿನ ಖಾನೆಯಲ್ಲಿ ಮಲಗುತ್ತದೋ ತಿಳಿಯದು. ಅದಕ್ಕೇ ಪತ್ರಿಕೆಗೂ ಕೊಡುತ್ತಿದ್ದೇನೆ. ನಾಲ್ಕು ಜನರೆದುರು ಬಾಯಿ ಬಿಡಲು ಬೆವರುವ ನನ್ನಂಥವಳು ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆಂದರೆ ನನ್ನ ಹೆದರಿಕೆ ಹೋಗಿದೆ ಎಂದು ತಿಳಿಯಬೇಡಿ. ಹೆದರಿಕೆಗಿಂತ ಅನುಮಾನ ದೊಡ್ಡದಾಗಿ ಬೆಳೆದಿದೆ, ಅಷ್ಟೇ.

ನಾನು ಟೈಲರ್ ಅಂಗಡಿಯಲ್ಲಿ ಕಾಜಾ ಹೊಲಿದು ಗುಂಡಿ ಹಾಕುವವಳು. ತರಬೇತಿ ಉಚಿತ, ಚೀಲ ಉಚಿತ, ಟೀ ಉಚಿತ ಎಂಬ ನಿಮ್ಮ ಚೀಟಿಯನ್ನು ಓದಿದಾಗಲೇ ಒಳಗೆ ಏನೋ ಚುರುಕ್ ಎಂದಿತ್ತು. ಇಷ್ಟೆಲ್ಲ ಕೊಡುವವರು ತೆಗೆದುಕೊಳ್ಳುವುದು ಏನನ್ನು? ಆದರೂ ಹೋದೆ. ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ಮೊದಲ ವಾರವೆಲ್ಲ ಕ್ಯಾಮೆರಾ ಮುಟ್ಟಲೂ ಬಿಡಲಿಲ್ಲ. ಕಲಿಸುವ ಮೇಡಂ ನಮ್ಮನ್ನು ಎದುರುಬದುರು ಕೂರಿಸಿ, ಇನ್ನೊಬ್ಬರು ಹೇಳುವುದನ್ನು ಕೇಳುವ ಅಭ್ಯಾಸ ಮಾಡಿಸಿದರು.

"ಅವರು ನೆಲದ ಮೇಲೆ ಕೂತಿದ್ರೆ ನೀವೂ ನೆಲದ ಮೇಲೆ ಕೂರಿ. ತೆಗೆಯೋಕೆ ಮುಂಚೆ ಕೇಳಿ, ತೆಗೆದ ಮೇಲೂ ಕೇಳಿ. ನಾಳೆ ಅವರು ಬೇಡ ಅಂದ್ರೆ, ಅದು ನಿಮ್ಮ ಚಿತ್ರದ ಜೀವವೇ ಆಗಿರಲಿ, ಬೇಡ ಅಂದ್ರೆ ಬೇಡ."

ಅವರು ಕಲಿಸಿದ ಇನ್ನೊಂದು ಪದ್ಧತಿ ನನಗೆ ಬಹಳ ಹಿಡಿಸಿತು. ಒಂದು ಜಾಗದಲ್ಲಿ ತೆಗೆಯುವುದು ಮುಗಿದ ಮೇಲೆ ಎಲ್ಲರೂ ಕದಲದೆ ನಿಂತು, ಆ ಕೋಣೆಯ ಬರಿಯ ಸದ್ದನ್ನು ಒಂದು ನಿಮಿಷ ಹಿಡಿಯಬೇಕು. ಆಮೇಲೆ ಮಾತುಗಳನ್ನು ಕತ್ತರಿಸಿ ಜೋಡಿಸುವಾಗ ಆ ಸದ್ದನ್ನು ಅಡಿಯಲ್ಲಿ ಹಾಸಿದರೆ ಜೋಡಣೆ ಗೊತ್ತಾಗುವುದಿಲ್ಲ. ಓದಿದ ಹುಡುಗರು ತಲೆ ಕೆರೆದುಕೊಂಡರು. ನನಗೆ ಅದು ಕೋಟಿನ ಒಳಗೆ ಕೊಡುವ ಲೈನಿಂಗ್ ಬಟ್ಟೆ ಎಂದು ಅನ್ನಿಸಿತು.

ನಾನು ಆರಿಸಿಕೊಂಡದ್ದು ದೊಡ್ಡ ಆಸ್ಪತ್ರೆಯ ಹಾಸಿಗೆಬಟ್ಟೆ ಒಗೆಯುವ ಲಾಂಡ್ರಿಯನ್ನು. ಅಲ್ಲಿ ನಮ್ಮ ಅತ್ತೆ ಕೆಲಸ ಮಾಡುತ್ತಾಳೆ. ಅತ್ತೆ ಎಂದು ಬರೆದಿದ್ದೇನೆ, ಅವಳು ನನಗೆ ಚಿಕ್ಕಮ್ಮನೂ ಇರಬಹುದು, ಪಕ್ಕದ ಮನೆಯವಳೂ ಇರಬಹುದು. ನಂಟಿನ ಎಳೆ ಹಿಡಿದು ಹುಡುಕಲು ಹೊರಡುವವರಿಗೆ ನಾನೇಕೆ ದಾರಿ ತೋರಿಸಲಿ? ನಿಮ್ಮದೇ ಸಹಿ ಇದ್ದ ಅನುಮತಿ ಪತ್ರ ತೋರಿಸಿದಾಗ ಅಲ್ಲಿನ ಸೂಪರ್‌ವೈಸರ್ ಹಲ್ಲೆಲ್ಲ ಕಾಣುವಂತೆ ನಕ್ಕು, "ಬನ್ನಿ ಬನ್ನಿ, ನಮ್ಮ ಹೆಣ್ಣುಮಕ್ಕಳ ದುಡಿಮೆ ಜಗತ್ತೇ ನೋಡ್ಲಿ" ಎಂದರು. ಅಂದು ಎಲ್ಲರ ಕೈಯಲ್ಲೂ ಹೊಸ ಗವಸು. ಪೊಟ್ಟಣದಿಂದ ತೆಗೆದ ಮಡಿಕೆ ಇನ್ನೂ ಮಾಸಿರಲಿಲ್ಲ. ಒದ್ದೆ ಬಟ್ಟೆಯ ಗಾಡಿ ತಳ್ಳಿಕೊಂಡು ಬಂದ ಅತ್ತೆ ನನ್ನ ಮುಖವನ್ನು ಇದೇ ಮೊದಲು ಕಂಡವಳಂತೆ, "ಏಯ್ ಹುಡುಗಿ, ದಾರಿ ಬಿಡಮ್ಮ, ಕಾಲ ಮೇಲೆ ಹತ್ತಿಸಿಬಿಟ್ಟೇನು" ಎಂದು ಗದರಿದಳು. ನನಗೆ ನಗು ತಡೆಯಲಾಗದೆ ಕ್ಯಾಮೆರಾ ಅಲುಗಿತು. ಆ ದೃಶ್ಯ ಕೆಲಸಕ್ಕೆ ಬರಲಿಲ್ಲ.

ಅವಳ ಮಾತನ್ನು ಹಿಡಿದದ್ದು ಮನೆಯಲ್ಲಿ, ಅಡುಗೆಮನೆಯ ನೆಲದ ಮೇಲೆ ಕೂತು. ಲಾಂಡ್ರಿಯ ಬಿಸಿ ಹಬೆ, ಬ್ಲೀಚಿಂಗ್ ಪುಡಿಯ ಘಾಟು, ಎರಡೂ ಹೊರಹೋಗಲು ಗೋಡೆಯಲ್ಲಿ ದೊಡ್ಡ ಫ್ಯಾನ್ ಇದೆ. ಅದು ತಿರುಗುವುದನ್ನು ಕಂಡವರಿಲ್ಲ. ಅಲ್ಲಿ ಫ್ಯಾನ್ ಇಲ್ಲವೇ ಎಂದು ನಾನು ಕೇಳಿದ್ದಕ್ಕೆ ಅತ್ತೆ, "ಫ್ಯಾನ್ ಇಲ್ಲ ಅಂತ ಯಾರಂದ್ರು? ಇದೆಯಲ್ಲ. ನಮಗಿಂತ ಮುಂಚೆ ಅದಕ್ಕೇ ಪಿಂಚಣಿ ಕೊಟ್ಟು ಕೂರಿಸಿದ್ದಾರೆ. ಹೋಗ್ಲಿ ಬಿಡು, ಅದಾದ್ರೂ ಸುಖವಾಗಿರಲಿ" ಎಂದಳು. ನಗುತ್ತಲೇ ಕೆಮ್ಮು ಹತ್ತಿತು. ಕೆಮ್ಮು ನಿಲ್ಲುವಷ್ಟರಲ್ಲಿ ನಗು ಹೋಗಿತ್ತು.

ಚಿತ್ರದಲ್ಲಿ ಅವಳ ಮುಖ ಇಲ್ಲ, ಬಿಳಿಚಿದ ಬೆರಳುಗಳು ಮಾತ್ರ ಇವೆ. ದನಿಯಿಂದಲೂ ಗುರುತು ಸಿಗಬಾರದೆಂದು ಅವಳ ಮಾತನ್ನು ನಾನೇ ಹೇಳಿದ್ದೇನೆ. ಆ ಚಿತ್ರವನ್ನು ನೋಡಿದವರು ನಮ್ಮ ತರಗತಿಯವರು, ಮೇಡಂ, ಮತ್ತು ಒಪ್ಪಿಗೆಗಾಗಿ ಕೊಟ್ಟದ್ದರಿಂದ ನಿಮ್ಮ ಕಚೇರಿ. ಹೊರಗೆ ಎಲ್ಲೂ ತೋರಿಸಿಲ್ಲ.

ಹೀಗಿರುವಾಗ, ಚಿತ್ರ ನಿಮ್ಮ ಕಚೇರಿ ಸೇರಿದ ಮುಂದಿನ ವಾರ, ಸೂಪರ್‌ವೈಸರ್ ಒಗೆಯುವ ಕೋಣೆಯ ನಡುವೆ ನಿಂತು ಕೇಳಿದರಂತೆ: "ಯಾರಮ್ಮ ಅದು, ನಮ್ಮ ಫ್ಯಾನಿಗೆ ಪಿಂಚಣಿ ಮಂಜೂರು ಮಾಡಿದ ಮಹಾತಾಯಿ? ಮುಂದೆ ಬನ್ನಿ, ಹಾರ ಹಾಕ್ತೀನಿ."

ಎಲ್ಲರೂ ನಕ್ಕರಂತೆ. ಅತ್ತೆಯೂ ನಕ್ಕಳಂತೆ, ಎಲ್ಲರಿಗಿಂತ ಜೋರಾಗಿ. ಮನೆಗೆ ಬಂದು ನನಗೆ ಇದನ್ನೆಲ್ಲ ಹೇಳಿ, "ಅವನಿಗೆ ನನ್ನ ಹೆಸರು ಗೊತ್ತಿಲ್ಲ ಕಣೆ, ಮಾತು ಮಾತ್ರ ಗೊತ್ತು. ಮುಖ ಇನ್ನೂ ಸಿಕ್ಕಿಲ್ಲ" ಎಂದಳು.

ಮುಖ ಎಲ್ಲಿದೆ? ನನ್ನ ಬಳಿ ಇದೆ, ಚಿತ್ರದಲ್ಲಿ ಬಳಸದೆ ಬಿಟ್ಟ ಭಾಗದಲ್ಲಿ. ಅದನ್ನೇ ಕೊಡಿ ಎಂದು ನಿಮ್ಮ ಆದೇಶ ಬಂದದ್ದು ಅದೇ ವಾರ. ಇದು ಕಾಕತಾಳೀಯ ಎನ್ನುತ್ತೀರಾ? ಇರಬಹುದು. ನಿಮ್ಮ ಕಚೇರಿಯ ಯಾರೋ ಒಬ್ಬರು ಟೀ ಕುಡಿಯುತ್ತಾ ಒಳ್ಳೆಯ ತಮಾಷೆ ಎಂದು ಹೇಳಿ ನಕ್ಕಿರಬಹುದು, ಅದು ಕಿವಿಯಿಂದ ಕಿವಿಗೆ ಹೋಗಿರಬಹುದು. ನನ್ನ ಅನುಮಾನ ಸುಳ್ಳಾದರೆ ನನಗಿಂತ ಹೆಚ್ಚು ಸಂತೋಷಪಡುವವರು ಇಲ್ಲ. ಆದರೆ ಒಂದು ತಮಾಷೆಯನ್ನು ಕಾಪಾಡಲಾಗದ ಕಚೇರಿಗೆ ಒಂದು ಮುಖವನ್ನು ಹೇಗೆ ಒಪ್ಪಿಸುವುದು?

ಆದೇಶದಲ್ಲಿ ಇನ್ನೂ ಒಂದು ಸಾಲಿದೆ. "ಚಿತ್ರದ ಕೊನೆಯ ಒಂದು ನಿಮಿಷದಲ್ಲಿ ಏನೂ ನಡೆಯುವುದಿಲ್ಲವಾದ್ದರಿಂದ ಅದನ್ನು ತೆಗೆದು ಸೂಕ್ತ ಸಂಗೀತ ಅಳವಡಿಸುವುದು." ಮಾನ್ಯರೇ, ಅದು ಊಟದ ಹೊತ್ತಿನಲ್ಲಿ ಯಂತ್ರಗಳೆಲ್ಲ ನಿಂತಾಗ ಹಿಡಿದ ಕೋಣೆಯ ಸದ್ದು. ಫ್ಯಾನಿನ ಸ್ವಿಚ್ಚಿನ ಕೆಂಪು ದೀಪ ಉರಿಯುತ್ತಿದೆ. ಫ್ಯಾನಿನ ರೆಕ್ಕೆ ಅಲುಗುತ್ತಿಲ್ಲ. ನಲ್ಲಿಯಿಂದ ಹನಿ ಬೀಳುವುದು ಕೇಳುತ್ತದೆ, ಗೋಡೆಯಾಚೆ ಯಾರೋ ಕೆಮ್ಮುವುದು ಕೇಳುತ್ತದೆ, ಫ್ಯಾನಿನ ಸದ್ದು ಮಾತ್ರ ಇಲ್ಲ. ಬಾಗಿಲ ಮೇಲೆ "ಗಾಳಿ ವ್ಯವಸ್ಥೆ ಸುಸ್ಥಿತಿಯಲ್ಲಿದೆ" ಎಂಬ ತಪಾಸಣೆಯ ಫಲಕ ತೂಗುತ್ತಿದೆ. ಏನೂ ನಡೆಯುವುದಿಲ್ಲ ಎಂದು ಎಷ್ಟು ಸರಿಯಾಗಿ ಕಂಡುಹಿಡಿದಿದ್ದೀರಿ! ನಮ್ಮ ದೂರು ಕೂಡ ಅದೇ. ಅದರ ಮೇಲೆ ಯಾವ ಸಂಗೀತ ಸೂಕ್ತವೆಂದು ತಾವೇ ಹೇಳಿ, ಕೊಳಲೇ, ಪಿಟೀಲೇ?

ಮೇಡಂ ಬಳಿ ಹೋದೆ. ಅವರು ನನ್ನ ಮುಖ ನೋಡಲಿಲ್ಲ. "ಕೊಟ್ಟುಬಿಡಮ್ಮ. ಇಲ್ಲಾಂದ್ರೆ ಮುಂದಿನ ತಂಡದ ತರಬೇತೀನೇ ನಿಲ್ಲಿಸ್ತಾರೆ."

"ಕೇಳದೆ ಕೊಡಬಾರದು ಅಂತ ನೀವೇ ಹೇಳಿದ್ರಲ್ಲ ಮೇಡಂ?"

"ಹೇಳಿದ್ದೆ." ಕನ್ನಡಕ ತೆಗೆದು ಒರೆಸುತ್ತಾ ಕೂತರು. "ಅದು ಪಾಠ ಅಲ್ವೇನಮ್ಮ?"

ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೂ ಒಬ್ಬ ಸೂಪರ್‌ವೈಸರ್ ಇದ್ದಾರೆ ಎಂದು ಅಂದು ಗೊತ್ತಾಯಿತು, ಅಷ್ಟೇ. ಆ ಸೂಪರ್‌ವೈಸರ್ ತಾವು.

ಆದ್ದರಿಂದ ನಾನು ಕೇಳುವುದು ಇಷ್ಟು. ಬಳಸದೆ ಬಿಟ್ಟ ಭಾಗವನ್ನೂ ಹೆಸರು ವಿಳಾಸವನ್ನೂ ಕೊಡಿ ಎಂಬ ಆದೇಶವನ್ನು ನಮ್ಮ ತರಗತಿಯ ಎಲ್ಲರ ಮೇಲಿಂದಲೂ ಹಿಂದಕ್ಕೆ ಪಡೆಯಿರಿ. ನನ್ನ ಜೊತೆಯವರ ಕ್ಯಾಮೆರಾಗಳಲ್ಲೂ ನಂಬಿ ಬಾಯಿಬಿಟ್ಟವರ ಮುಖಗಳಿವೆ. ಅತ್ತೆಯ ಮಾತು ನಿಮ್ಮ ಕಚೇರಿಯಿಂದ ಲಾಂಡ್ರಿಗೆ ನಡೆದು ಹೋದದ್ದು ಹೇಗೆ ಎಂದು ವಿಚಾರಿಸಿ, ಇದೇ ಪತ್ರಿಕೆಯಲ್ಲಿ ಉತ್ತರ ಕೊಡಿ. ಚಿತ್ರವನ್ನು ಕೊನೆಯ ನಿಮಿಷದ ಸಮೇತ ತೋರಿಸಿ. ಅದು ಸುಳ್ಳು ಎನ್ನುವುದಾದರೆ ಸಾಕ್ಷಿಗೆ ನಮ್ಮ ಹೆಂಗಸರು ಬೇಡ. ತಾವೇ ಹೇಳದೆ ಕೇಳದೆ ಒಂದು ದಿನ ಲಾಂಡ್ರಿಗೆ ಹೋಗಿ, ಆ ಫ್ಯಾನಿನೆದುರು ನಿಂತು ಉಸಿರೆಳೆದುಕೊಳ್ಳಿ.

ಇಂದು ಬೆಳಿಗ್ಗೆ ಅತ್ತೆ ಕೆಲಸಕ್ಕೆ ಹೊರಡುವ ಮೊದಲು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಇಲ್ಲಿಯವರೆಗೆ ಬರೆದಿದ್ದ ಈ ಪತ್ರವನ್ನು ಓದಿ ಹೇಳಿದೆ. ಆಮೇಲೆ ಅವಳ ಮುಖವಿದ್ದ ಭಾಗವನ್ನು ಕ್ಯಾಮೆರಾದ ಪುಟ್ಟ ಪರದೆಯಲ್ಲಿ ತೋರಿಸಿದೆ. "ಅಯ್ಯೋ, ನಾನು ಇಷ್ಟು ದಪ್ಪ ಇದೀನೇನೇ?" ಎಂದಳು. ಹಿಂದೆಯೇ ಕೆಮ್ಮು ಬಂತು. ಕಲಿಸಿದ ಹಾಗೆಯೇ ಕೇಳಿದೆ, "ಇಟ್ಕೊಳ್ಳಲಾ ಅತ್ತೆ, ಅಳಿಸಲಾ?"

"ಅಳಿಸಿದ್ರೆ ನಿನ್ನ ಚಿತ್ರದ ಗತಿ?"

"ಇವಳೇ ಕಟ್ಟಿದ ಕತೆ ಅಂತಾರೆ. ತೋರಿಸಲ್ಲ."

ಅವಳು ಕ್ಯಾಮೆರಾವನ್ನು ತನ್ನ ಕೈಗೆ ತೆಗೆದುಕೊಂಡಳು. "ನನ್ನದು ಬೇಡ ಕಣೆ. ಆ ಫ್ಯಾನಿಂದು ಇರಲಿ. ಅದಕ್ಕೇನು ಕೆಲಸ ಹೋಗೋ ಭಯವೇ?" ಎಂದು, ಯಾವ ಗುಂಡಿ ಎಂದು ಕೇಳಿ ತಾನೇ ಒತ್ತಿದಳು. ಚಪ್ಪಲಿ ಮೆಟ್ಟಿ ಕೆಲಸಕ್ಕೆ ಹೋದಳು.

ನಾನು ಆ ಒಂದು ನಿಮಿಷವನ್ನು ಮಾತ್ರ ಬೇರೆ ಮೆಮೊರಿ ಕಾರ್ಡಿಗೆ ಹಾಕಿದೆ. ಮಿಕ್ಕ ಲೈನಿಂಗ್ ಬಟ್ಟೆಯಲ್ಲಿ ಅದಕ್ಕೊಂದು ಪುಟ್ಟ ಚೀಲ ಹೊಲಿದು, ಕಾಜಾ ಮಾಡಿ, ಗುಂಡಿ ಹಾಕಿ ಈ ಪತ್ರದ ಜೊತೆ ನಿಮಗೆ ಕಳಿಸುತ್ತಿದ್ದೇನೆ.

ಇಂತಿ,
ಪಾಠವನ್ನು ಬರೀ ಪಾಠವೆಂದು ತಿಳಿಯದೆ ನಿಜವೆಂದು ನಂಬಿದ,
ತಮ್ಮ ತರಬೇತಿಯ ಕೊನೆಯ ಸಾಲಿನ ಹುಡುಗಿ