ಚಿಕ್ಕಜ್ಜಿ ಮಗುಚಿದ ಕಾಫಿ

ಎಡಪ್ಪಳ್ಳಿ, ಕೊಚ್ಚಿ
ಭಾನುವಾರ, ೧೫ ಜೂನ್ ೨೦೨೫

ಕನ್ನಡ ಮರೆತರೆ ಮನೆಗೇ ಸೇರಿಸುವುದಿಲ್ಲ ಎಂದು ಹೆದರಿಸುವ ನನ್ನ ಪ್ರೀತಿಯ ಅಮ್ಮನಿಗೆ, ದಿಶಾಳ ನಮಸ್ಕಾರಗಳು.

ಈ ವಾರದ ಪತ್ರ ಇಗೋ. ಪಟ್ಟಂನ ನಮ್ಮ ಮನೆಯಲ್ಲಿ ಇದ್ದಷ್ಟು ದಿನ ನೀನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲಿ ಉತ್ತರ ಕೊಟ್ಟಿದ್ದಕ್ಕೆ, ಹಾಸ್ಟೆಲಿಗೆ ಬಂದ ಮೇಲೂ ನನಗೆ ಭಾನುವಾರದ ಈ ಕೈಬರಹದ ಶಿಕ್ಷೆ. ಮುಗಿದ ಮೇಲೆ ಫೋಟೋ ತೆಗೆದು ಕಳಿಸುತ್ತೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಇವತ್ತು ಹಾಸಿಗೆಯಲ್ಲೇ ಕೂತು ಬರೆಯುತ್ತಿದ್ದೇನೆ.

ನಿನ್ನೆ ಫೋನಿನಲ್ಲಿ ಆರಾಮಾಗಿದ್ದೇನೆ ಎಂದದ್ದು ಸುಳ್ಳು. ಶುಕ್ರವಾರ ಸಂಜೆ ಹೊಕ್ಕುಳಿನ ಸುತ್ತ ನೋವು ಶುರುವಾಯಿತು. ಹೊರಗೆ ತಿಂದ ಪರೋಟದ ಕೆಲಸ ಎಂದುಕೊಂಡೆ. ನಿನ್ನೆ ಅದು ಕೆಳಗಿಳಿದು ಬಲಗಡೆ ಒಂದೇ ಜಾಗದಲ್ಲಿ ಕೂತಿತು. ವಾಂತಿ, ಜ್ವರ. ಮೂತ್ರ ಮಾಡುವಾಗಲೂ ಚುಚ್ಚುತ್ತಿತ್ತು. ಉರಿಮೂತ್ರವೇ ಇರಬೇಕು ಎಂದು ಬಾರ್ಲಿ ನೀರು ಕುಡಿದೆ, ಅದೂ ವಾಪಸ್ ಬಂತು. ಬಾತ್‌ರೂಮಿಗೆ ಹೋಗುವಾಗ ಹೊಟ್ಟೆ ಹಿಡಿದು ಬಗ್ಗಿಯೇ ನಡೆದೆ. ಆಸ್ಪತ್ರೆಗೆ ಹೋಗೋಣ ಎಂದು ಮಹತಿ, ಅದೇ ನನ್ನ ಕಾಸರಗೋಡಿನ ರೂಮ್‌ಮೇಟ್, ಜಗಳವನ್ನೇ ಮಾಡಿದಳು. ಸೋಮವಾರ ಪ್ರಾಕ್ಟಿಕಲ್ ಪರೀಕ್ಷೆ, ತಪ್ಪಿದರೆ ವರ್ಷವೇ ಹೋಗುತ್ತದೆ ಎಂದು ನಾನೇ ಹಟ ಹಿಡಿದೆ. ನಿನಗೆ ಹೇಳಿದ್ದರೆ ನೀನು ಮುಂದಿನ ರೈಲಿಗೆ ಬಂದುಬಿಡುತ್ತಿದ್ದೆ.

ಗಾಬರಿ ಬೇಡ. ಬೆಳಗ್ಗೆ ನೋವು ಹೋಯಿತು. ಯಾರೋ ದೀಪ ಆರಿಸಿದ ಹಾಗೆ ಒಮ್ಮೆಲೇ ಹೋಯಿತು ಅಮ್ಮ. ಅಂಥ ಸುಖ ನಾನು ಕಂಡಿರಲಿಲ್ಲ. ಕಣ್ಣು ಬಿಟ್ಟರೆ, ನಮ್ಮ ರೂಮಿನಲ್ಲಿ ಖಾಲಿ ಬಿದ್ದಿರುವ ಮಂಚದ ಮೇಲೆ ಒಬ್ಬಳು ಕೂತಿದ್ದಳು. ಚುಕ್ಕಿ ಚುಕ್ಕಿ ದಾವಣಿ, ಎರಡು ಜಡೆ. ನಮ್ಮ ಮನೆಯ ಪಡಸಾಲೆಯ ಫೋಟೋದಲ್ಲಿರುವ ಇಂದುಮತಿ ಚಿಕ್ಕಜ್ಜಿ, ಅಜ್ಜಿಯ ತಂಗಿ. ಫೋಟೋದಲ್ಲಿ ಅವಳು ಸೊಂಟದವರೆಗೆ ಮಾತ್ರ ಇದ್ದಾಳೆ, ನಗುತ್ತಾಳೆ. ಇಲ್ಲಿ ಮಂಡಿಗಳನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ನಗು ಇರಲಿಲ್ಲ.

ಜ್ವರದ ಕನಸು ಎಂದು ನನಗೂ ಗೊತ್ತು. ಆದರೆ ಕಾಫಿ? ನೋವು ಹೋದ ಖುಷಿಗೆ ಕಾಫಿ ಬೇಕೆನಿಸಿತು, ಮಹತಿ ಮಾಡಿಕೊಟ್ಟಳು. ಲೋಟ ಬಾಯಿಗೆ ತರುವಷ್ಟರಲ್ಲಿ ಮಗುಚಿತು. ಇನ್ನೊಂದು ಮಾಡಿದಳು, ಅದೂ ಹಾಸಿಗೆಯ ಪಾಲು. ಎರಡು ಸಲವೂ ನನ್ನ ಮಣಿಕಟ್ಟಿಗೆ ತಣ್ಣಗೆ ಏನೋ ತಾಗಿತು. ಎಂತ ಮಾರಾಯ್ತಿ, ಒಂದು ಲೋಟ ಹಿಡಿಲಿಕ್ಕೆ ಆಗುದಿಲ್ವಾ ನಿಂಗೆ, ಎಂದು ಗೊಣಗುತ್ತಾ ಈಗ ಮೂರನೆಯದಕ್ಕೆ ಕೆಟ್ಲಿಗೆ ನೀರು ಹಾಕಿದ್ದಾಳೆ.

ಚಿಕ್ಕಜ್ಜಿಯದೂ ಹೀಗೇ ಆಯಿತಲ್ಲವೇ? ನೀನು ಹೇಳಿದ ಕಥೆ ನನಗೆ ನೆನಪಿದೆ ಎಂದು ನಿನಗೆ ಖುಷಿಯಾಗಲಿ, ಅದಕ್ಕೇ ಬರೆಯುತ್ತಿದ್ದೇನೆ. ಆಗ ಅವಳಿಗೆ ನನ್ನಷ್ಟೇ ವಯಸ್ಸು. ಎರಡು ದಿನ ಹೊಟ್ಟೆನೋವು, ಬಲಗಡೆ. ಮೂರನೆಯ ಬೆಳಗ್ಗೆ ನೋವು ಪೂರ್ತಿ ಹೋಯಿತು, ದೇವರು ಕಣ್ಣು ಬಿಟ್ಟ ಎಂದು ಮನೆಯವರೆಲ್ಲ ಹಿಗ್ಗಿದರು. ಅವಳು ಎದ್ದು ಕೂತು ಕಾಫಿ ಕೇಳಿದಳು, ಕುಡಿದಳು, ನಕ್ಕಳು. ಸಂಜೆಗೆ ಇರಲಿಲ್ಲ. ಪುಣ್ಯವಂತೆ, ನೋವಿಲ್ಲದೆ ಹೋದಳು ಎಂದು ನೀವೆಲ್ಲ ಹೇಳುತ್ತೀರಿ. ಪ್ರತಿ ವರ್ಷ ತಿಥಿಗೆ ಅವಳ ಫೋಟೋ ಮುಂದೆ ಒಂದು ಲೋಟ ಕಾಫಿ ಇಡುತ್ತೀರಿ.

ಅಮ್ಮಾ.

ಬರೆದದ್ದನ್ನು ಈಗ ಓದಿದೆ. ನನ್ನದು, ಅವಳದು, ಒಂದರ ಕೆಳಗೆ ಒಂದು. ನನಗೆ ಭಯವಾಗುತ್ತಿದೆ. ಹೊಟ್ಟೆ ಮುಟ್ಟಿಕೊಂಡೆ, ಹಲಗೆಯ ಹಾಗೆ ಗಟ್ಟಿಯಾಗಿದೆ. ಕೆಮ್ಮಲು ಹೋದರೆ ಆಗುತ್ತಿಲ್ಲ. ನೋವು ಮತ್ತೆ ಬರುತ್ತಿದೆ, ಈ ಸಲ ಹೊಟ್ಟೆಯ ತುಂಬ. ಅವಳು ಮಂಚದಿಂದ ಎದ್ದು ಬಾಗಿಲ ಹತ್ತಿರ ನಿಂತಿದ್ದಾಳೆ. ಮಹತಿಯನ್ನು ಕರೆಯುತ್ತೇನೆ.

ಆಸ್ಪತ್ರೆ, ಮಧ್ಯಾಹ್ನ

ಮಲಗಿಕೊಂಡೇ ಬರೆಯುತ್ತಿದ್ದೇನೆ. ಅಪೆಂಡಿಕ್ಸ್ ಒಡೆದಿದೆಯಂತೆ. ಒಡೆದಾಗ ಒತ್ತಡ ಇಳಿದು ಸ್ವಲ್ಪ ಹೊತ್ತು ನೋವು ಹೋಗುವುದುಂಟು, ವಾಸಿಯಾಯಿತು ಎಂದು ಜನ ಮನೆಯಲ್ಲೇ ಉಳಿದುಬಿಡುವುದೂ ಆಗಲೇ ಎಂದರು ಡಾಕ್ಟರ್. ಈಗಲೇ ಆಪರೇಷನ್. ಮಹತಿ ಫೋನ್ ಮಾಡಿದಳು, ನೀನು ರೈಲು ಹತ್ತಿದ್ದೀಯಂತೆ. ಪರೀಕ್ಷೆ ಹಾಳಾಗಿ ಹೋಗಲಿ. ನೀನು ಬರುವಾಗ ನಿನ್ನನ್ನು ನೋಡಲು ನಾನು ಇರಬೇಕು, ಅಷ್ಟೇ ಆಸೆ.

ಒಂದು ಮಾತು ನಡೆಸಿಕೊಡು. ಚಿಕ್ಕಜ್ಜಿಯ ಫೋಟೋ ಮುಂದೆ ಇನ್ನು ಯಾವತ್ತೂ ಕಾಫಿ ಇಡಬೇಡ. ಅವಳಿಗೆ ಅದು ಬೇಡ.

ನಿನ್ನ ಮಲಯಾಳಿ ಮಗಳು,
ದಿಶಾ

ತಾ.ಕ.: ಆಂಟಿ, ಇದು ಮಹತಿ ಬರೆಯುತ್ತಿರುವುದು. ದಿಶಾಳನ್ನು ಈಗಷ್ಟೇ ಒಳಗೆ ಕರೆದುಕೊಂಡು ಹೋದರು. ಬೆಳಗ್ಗಿನಿಂದ ಅವಳ ಹೊಟ್ಟೆಗೆ ಏನೂ ಹೋಗದ್ದು ಒಳ್ಳೆಯದೇ ಆಯಿತು, ಅರಿವಳಿಕೆಗೆ ಹೊಟ್ಟೆ ಖಾಲಿ ಇರಬೇಕು ಎಂದು ಡಾಕ್ಟರ್ ನನ್ನನ್ನು ಹೊಗಳಿದರು. ಮೂರನೆಯ ಲೋಟದ ವಿಷಯ ದಿಶಾಳಿಗೆ ಗೊತ್ತಿಲ್ಲ. ಅವಳು ಕರೆದಾಗ ನಾನು ಕಾಫಿ ತುಂಬಿದ ಲೋಟವನ್ನು ಮೇಜಿನ ಮೇಲಿಟ್ಟು ಅವಳನ್ನು ಹಿಡಿದುಕೊಂಡು ಹೊರಟೆ. ಬಾಗಿಲು ಹಾಕಲು ತಿರುಗಿದರೆ, ಲೋಟ ತೊಳೆದಿಟ್ಟ ಹಾಗೆ ಬೋರಲಾಗಿತ್ತು. ಮೇಜಿನ ಮೇಲೆ ಒಂದು ತೊಟ್ಟೂ ಚೆಲ್ಲಿರಲಿಲ್ಲ.